ಮಲೇರಿಯಾ ಮಾತ್ರೆ ನುಂಗಿದರೆ ಮಕ್ಕಳಾಗೋಕೆ ತೊಂದರೆಯಾ?

ಮಂಗಳೂರು ಕಡೆ ಜಾಸ್ತಿ ಕಾಣುವುದು ವೈವಾಕ್ಸ್ ಮಲೇರಿಯಾ. ಅದಕ್ಕೆ 3 ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಈ ಮಾತ್ರೆಗಳಿಂದ ಗಂಡಸರ ವೀರ್ಯಕ್ಕೆ ಪೆಟ್ಟು ಬೀಳುತ್ತಾ ಅಂತ ಹುಡುಕಿ ನೋಡಿ, ಹೆದರಿಕೆ ಹುಟ್ಟಿಸುವ ಸಂಶೋಧನೆಗಳು ಸಾಲಾಗಿ ಸಿಗುತ್ತವೆ. ಬಹುತೇಕ ಎಲ್ಲವೂ ಇಲಿಗಳ ಮೇಲೆ ನಡೆದಂಥವು.

ಅವುಗಳಲ್ಲಿ ತುಂಬಾ ಬಂದಿರುವುದು ನೈಜೀರಿಯಾದಿಂದ. ಜಗತ್ತಿನ ಮಲೇರಿಯಾದಲ್ಲಿ ಸುಮಾರು ಕಾಲು ಭಾಗ ಆ ಒಂದೇ ದೇಶದ್ದು, ಅಲ್ಲಿನವರಿಗೆ ಮಲೇರಿಯಾ ಮಾತ್ರೆ ಮತ್ತೆ ಮತ್ತೆ ನುಂಗುವುದು ತಪ್ಪಿದ್ದಲ್ಲ, ಹಾಗಾಗಿ ಪ್ರಶ್ನೆ ಅಲ್ಲೇ ಹುಟ್ಟಿದ್ದು ಸಹಜ. ಕ್ಲೋರೋಕ್ವಿನ್ ಅಥವಾ ಆರ್ಟಿಸುನೇಟ್ (ಇನ್ನೊಂದು ಮಲೇರಿಯಾ ಔಷಧಿ) ಕೊಟ್ಟ ಇಲಿಗಳಲ್ಲಿ ವೀರ್ಯಾಣುಗಳ ಸಂಖ್ಯೆ ಇಳಿಯಿತು, ಈಜುವ ಶಕ್ತಿ ಕುಗ್ಗಿತು. ಜೊತೆಗೆ ವಿಟಮಿನ್ ಸಿ, ಇ ಕೊಟ್ಟಾಗ ಹಾನಿ ಕಡಿಮೆಯಾಯಿತು.

ಕಾರಣ ಇದೆ. ವೀರ್ಯಾಣುವಿನ ಹೊರಪೊರೆಯ ತುಂಬ ಇರುವುದು ಬೇಗ ಕೆಡುವ ಜಾತಿಯ ಕೊಬ್ಬು. ಹಳೆ ಎಣ್ಣೆ ಕಮಟು ಹಿಡಿಯುತ್ತದಲ್ಲ, ಹೆಚ್ಚುಕಡಿಮೆ ಅದೇ ಕ್ರಿಯೆ ಇಲ್ಲೂ. ಬೇರೆ ಜೀವಕೋಶಗಳಲ್ಲಿ ಇದನ್ನು ತಡೆಯುವ ಕಿಣ್ವಗಳು ಒಳಗಿನ ದ್ರವದಲ್ಲಿರುತ್ತವೆ. ವೀರ್ಯಾಣು ಬೆಳೆಯುವಾಗಲೇ ಆ ದ್ರವವನ್ನು ಬಹುಪಾಲು ಕಳಚಿಕೊಂಡಿರುತ್ತದೆ.

ಹಾಗಾದರೆ ಮಾತ್ರೆ ಜೊತೆ ಒಂದು ವಿಟಮಿನ್ ಗುಳಿಗೆಯನ್ನೂ ನುಂಗಿಬಿಟ್ಟರೆ ಆಯ್ತಲ್ವಾ? ಸಿಕ್ಕು ಇರುವುದೇ ಇಲ್ಲಿ. ಆರ್ಟಿಸುನೇಟ್ ಬಂದಿರುವುದು ಆರ್ಟಿಮಿಸಿನಿನ್‌ನಿಂದ, ಅಂದರೆ ಚೀನಾದ ತು ಯುಯು ಅವರಿಗೆ 2015ರ ನೊಬೆಲ್ ತಂದುಕೊಟ್ಟ ಔಷಧಿಯಿಂದ. ರೋಗಾಣು ನಮ್ಮ ಹಿಮೋಗ್ಲೋಬಿನ್ ತಿಂದು ಹಾಕಿದಾಗ ಹೊರಬೀಳುವ ಕಬ್ಬಿಣ ತಾಗಿ ಈ ಔಷಧಿ ಒಡೆಯುತ್ತದೆ, ಎದುರಿಗೆ ಸಿಕ್ಕಿದ್ದನ್ನು ಕೆಡಿಸುವ ಚುರುಕು ಕಣಗಳಾದ ಫ್ರೀ ರ‍್ಯಾಡಿಕಲ್‌ಗಳು ಹುಟ್ಟಿ ರೋಗಾಣುವನ್ನು ಸಾಯಿಸುತ್ತವೆ. ವಿಟಮಿನ್ ಸಿ, ಇ ಥರದ ಆಂಟಿಆಕ್ಸಿಡೆಂಟ್‌ಗಳು ತಡೆಯುವುದು ಇದೇ ಫ್ರೀ ರ‍್ಯಾಡಿಕಲ್‌ಗಳನ್ನ! ಪ್ರಯೋಗಾಲಯದಲ್ಲಿ ಬೆಳೆಸಿದ ರೋಗಾಣುಗಳಿಗೆ ವಿಟಮಿನ್ ಸಿ, ಇ ಸೇರಿಸಿದಾಗ ಆರ್ಟಿಮಿಸಿನಿನ್ ಬಲ ಕುಗ್ಗಿದ್ದೂ ಉಂಟು. ಊಟದಲ್ಲಿನ ನೆಲ್ಲಿಕಾಯಿ, ಸೊಪ್ಪಿಗೆ ಹೆದರಬೇಕಾಗಿಲ್ಲ. ಆದರೆ ಚಿಕಿತ್ಸೆಯ ಹೊತ್ತಲ್ಲಿ ದೊಡ್ಡ ಡೋಸಿನ ವಿಟಮಿನ್‌ಗಳನ್ನು ಡಾಕ್ಟರನ್ನು ಕೇಳದೆ ಸುಮ್ನೆ ನುಂಗುವುದು ನನಗಂತೂ ಬುದ್ಧಿವಂತಿಕೆ ಅನ್ನಿಸುವುದಿಲ್ಲ.

ಇನ್ನು ಇಲಿಗಳ ಲೆಕ್ಕವನ್ನು ನೇರವಾಗಿ ಮನುಷ್ಯರಿಗೆ ಹಚ್ಚುವುದೂ ಸರಿಯಲ್ಲ. ಎಷ್ಟೋ ಪ್ರಯೋಗಗಳಲ್ಲಿ ರೋಗವೇ ಇಲ್ಲದ ಇಲಿಗೆ ವಾರಗಟ್ಟಲೆ ಔಷಧಿ ಕೊಟ್ಟಿರುತ್ತಾರೆ. ನಿಜವಾದ ರೋಗಿಯಲ್ಲಿ ಜ್ವರವೇ ದೊಡ್ಡ ವೈರಿ. ವೃಷಣಕ್ಕೆ ಮೈಬಿಸಿಗಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪು ಬೇಕು, ಮಲೇರಿಯಾ ಮೈಯನ್ನೇ 40 ಡಿಗ್ರಿಗೆ ಏರಿಸುತ್ತದೆ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕಾಗುವುದರಿಂದ ಜ್ವರದ ಪೆಟ್ಟು ಕಾಣುವುದೂ ತಡ, ಮಾಯುವುದೂ ತಡ. ಜ್ವರ ಬಿಟ್ಟ ತಿಂಗಳಿಗೇ ಪರೀಕ್ಷೆ ಮಾಡಿಸಿ ಕೌಂಟ್ ಕಮ್ಮಿ ಬಂತು ಅಂತ ಮಾತ್ರೆಯನ್ನು ಬೈಯುವ ಬದಲು ಮೂರು ತಿಂಗಳು ಕಳೆದ ಮೇಲೆ ಮಾಡಿಸಿ. ಭಯಕ್ಕೆ ಪ್ರೈಮಾಕ್ವಿನ್ ಅರ್ಧಕ್ಕೆ ಬಿಡಬೇಡಿ (ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರ ವಿಷಯ ಬೇರೆ, ಅವರು ಶುರು ಮಾಡುವ ಮುಂಚೆಯೇ ಡಾಕ್ಟರಿಗೆ ಹೇಳಬೇಕು). ಬಿಟ್ಟರೆ ಲಿವರ್‌ನಲ್ಲಿ ಅಡಗಿ ಕೂತ ವೈವಾಕ್ಸ್ ಎಷ್ಟೋ ವಾರ, ತಿಂಗಳ ನಂತರ ಎದ್ದು ಅದೇ ಜ್ವರವನ್ನು ಮತ್ತೆ ತರಬಹುದು.