ಕರಿಗುಡ್ಡೆ ಮೇಲೆ ಬಿದ್ದ 'ಹೂ' ಪೊರೆ ಆಪರೇಷನ್‌ನಿಂದ ಹೋಗುತ್ತಾ?

ಪ್ರಶ್ನೆ: ನಮ್ಮ ಅವ್ವಗೆ 56 ವರ್ಷ. ಹೋದ ಸುಗ್ಗಿಯಲ್ಲಿ ನೆಲ್ಲು ಕೊಯ್ಯುವಾಗ ಗರಿ ಎಡಗಣ್ಣಿಗೆ ಬಡಿಯಿತು. ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದು ಹಾಕಿದೆವು. ನೋವು, ಕೆಂಪು ಹೋಗಲು ಎರಡು ತಿಂಗಳು ಹಿಡಿಯಿತು. ಈಗ ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ ಉಳಿದಿದೆ, ಆ ಕಣ್ಣು ಮಂಜು. ಕೆಲವರು ಹೂ ಬಿದ್ದಿದೆ ಅಂತಾರೆ. ಕೆಲವರು ಇದು ಪೊರೆ, ಬಲಿಯಲಿ, ಆಮೇಲೆ ಕ್ಯಾಂಪಿನಲ್ಲಿ ತೆಗೆಸಿದರಾಯಿತು ಅಂತಾರೆ. ಯಾವುದು ಸರಿ?
— ಕಾರಟಗಿ ಕಡೆಯ ಓದುಗರು

ಹೂ ಬಿದ್ದಿದೆ ಅಂದವರ ಮಾತೇ ಸರಿ ಇರಬೇಕು. ಕಣ್ಣು ನೋಡದೆ ಖಚಿತವಾಗಿ ಹೇಳಲು ಆಗುವುದಿಲ್ಲ. ಆದರೆ ಗರಿ ಬಡಿದದ್ದು, ಎರಡು ತಿಂಗಳ ನೋವು, ಆಮೇಲೆ ಉಳಿದ ಬಿಳಿ ಚುಕ್ಕೆ, ಇದು ನಮ್ಮ ಕಡೆ ಬಹಳ ಹಳೆಯ ಕಥೆ. ಹೂ ಆಗಿದ್ದರೆ ಪೊರೆ ಆಪರೇಷನ್ ಮಾಡಿಸಿದರೂ ಹೋಗುವುದಿಲ್ಲ, ಡ್ರಾಪ್ಸ್ ಹಾಕಿದರೂ ಕರಗುವುದಿಲ್ಲ.

ಎರಡಕ್ಕೂ ಏನು ವ್ಯತ್ಯಾಸ? ಕಣ್ಣನ್ನು ಒಂದು ಬಸ್ಸು ಅಂದುಕೊಳ್ಳಿ. ಬಸ್ಸಿನ ಮುಂದಿನ ದೊಡ್ಡ ಗಾಜು ಕಾರ್ನಿಯಾ, ಅಂದರೆ ಕರಿಗುಡ್ಡೆ ಮೇಲಿನ ತಿಳಿ ಪದರ. ಒಳಗೆ ಕೂತ ಡ್ರೈವರ್‌ನ ಕನ್ನಡಕ ಕಣ್ಣಿನ ಲೆನ್ಸ್. ವಯಸ್ಸಾದಂತೆ ಲೆನ್ಸ್ ಮಬ್ಬಾಗುವುದು ಪೊರೆ. ಅದರಲ್ಲಿ ನೋವಿಲ್ಲ, ಕೆಂಪಿಲ್ಲ, ನಿಧಾನವಾಗಿ ಮಂಜು ಕವಿಯುತ್ತದೆ. ಹೂ ಅಂದರೆ ಮುಂದಿನ ಗಾಜಿನ ಮೇಲೆ ಗಾಯ ಮಾಗಿ ಉಳಿದ ಕಲೆ. ಮುಂದಿನ ಗಾಜು ಬಿರುಕು ಬಿಟ್ಟಿರುವಾಗ ಡ್ರೈವರ್ ಕನ್ನಡಕ ಬದಲಿಸಿದರೆ ಏನು ಬಂತು? ಪೊರೆ ಆಪರೇಷನ್‌ನಲ್ಲಿ ಬದಲಾಗುವುದು ಒಳಗಿನ ಲೆನ್ಸ್ ಮಾತ್ರ. 'ಬಲಿಯಲಿ' ಎಂಬ ಮಾತಂತೂ ಪೊರೆಗೇ ಹಳೆಯದಾಯಿತು. ಹೂವಿಗೆ ಅದು ಯಾವತ್ತೂ ಅನ್ವಯಿಸುತ್ತಿರಲಿಲ್ಲ.

ಈ ಗಾಜು ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಅಷ್ಟೇ. ಅಗಲ 11ರಿಂದ 12 ಮಿಲಿಮೀಟರ್. ಇದರಲ್ಲಿ ರಕ್ತನಾಳ ಇಲ್ಲ. ಹಾಗಾಗಿಯೇ ಇದು ತಿಳಿಯಾಗಿದೆ. ಬೇಕಾದ ಗಾಳಿಯನ್ನು ಹೊರಗಿನಿಂದಲೇ, ಕಣ್ಣೀರಿನ ಮೂಲಕ ಎಳೆದುಕೊಳ್ಳುತ್ತದೆ. ನರಗಳು ಮಾತ್ರ ವಿಪರೀತ. ಕಣ್ಣಿಗೆ ಒಂದು ಧೂಳಿನ ಕಣ ಬಿದ್ದರೂ ಜೀವ ಹೋದಂತಾಗುವುದು ಅದಕ್ಕೇ. ಮೇಲಿನ ಪದರಕ್ಕಷ್ಟೇ ಗೀರಿದರೆ ಎರಡು ಮೂರು ದಿನದಲ್ಲಿ ಕಲೆಯಿಲ್ಲದೆ ಕೂಡಿಕೊಳ್ಳುತ್ತದೆ. ಗಾಯ ಒಳಗಿನ ದಪ್ಪ ಪದರಕ್ಕೆ ಇಳಿದರೆ ಕಲೆ ಉಳಿಯುತ್ತದೆ.

ನೆಲ್ಲಿನ ಗರಿ ಮಾಡುವ ಗೀರು ಸಣ್ಣದೇ. ಆದರೆ ಗರಿ, ಹುಲ್ಲು, ಹೊಲದ ಮಣ್ಣಿನಲ್ಲಿ ಫಂಗಸ್ ಇರುತ್ತದೆ, ಅಂದರೆ ಬೂಷ್ಟು. ಗೀರಿನ ಜೊತೆಗೆ ಅದೂ ಒಳಗೆ ಹೋಗುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ನೆಲ್ಲು. ಮಾನ್ವಿ, ರಾಯಚೂರು ಕಡೆ ಹತ್ತಿ ಬಿಡಿಸುವಾಗ ತಾಗುವ ಒಣ ಸಿಪ್ಪೆಯ ಮೊನೆ, ತೊಗರಿ ಕಡ್ಡಿ. ಎತ್ತಿನ ಬಾಲ ಬಡಿದು ಕಣ್ಣು ಕಳೆದುಕೊಂಡವರೂ ಇದ್ದಾರೆ. ಕಾರ್ನಿಯಾ ಹುಣ್ಣು ಅಂದರೆ ಬೇರೆ ದೇಶಗಳಲ್ಲಿ ಮೊದಲು ಬ್ಯಾಕ್ಟೀರಿಯಾ ಮೇಲೆ ಅನುಮಾನ. ದಕ್ಷಿಣ ಭಾರತದ ರೈತನ ಕಣ್ಣಿಗೆ ಹುಣ್ಣಾದರೆ ವೈದ್ಯರು ಮೊದಲು ಫಂಗಸ್ ಇದೆಯಾ ಅಂತ ನೋಡುತ್ತಾರೆ.

ನಾನು ಕಣ್ಣಿನ ಒಪಿಡಿಯಲ್ಲಿ ನೇತ್ರ ಸಹಾಯಕ. ಈ ಪರೀಕ್ಷೆ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ, ಯಾಕೆಂದರೆ 'ಕಣ್ಣು ಕೆರೀತಾರಂತ' ಅಂತ ಹೆದರಿ ಎದ್ದು ಹೋದವರನ್ನು ನೋಡಿದ್ದೇನೆ. ಮೊದಲು ಮರಗಟ್ಟಿಸುವ ಡ್ರಾಪ್ಸ್. ಒಂದು ನಿಮಿಷಕ್ಕೆ ನೋವು ಮಾಯ. ಹಳದಿ ಬಣ್ಣದ ಫ್ಲೋರೆಸಿನ್ ಹಚ್ಚಿ ನೀಲಿ ಬೆಳಕು ಬಿಟ್ಟರೆ, ಹುಣ್ಣಾದ ಜಾಗ ಹಸಿರಾಗಿ ಹೊಳೆಯುತ್ತದೆ. ಗದ್ದವನ್ನು ಸ್ಲಿಟ್ ಲ್ಯಾಂಪಿನ (ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರ) ಮೇಲೆ ಇಡಿಸಿ, ನಾನು ಹಿಂದಿನಿಂದ ತಲೆ ಹಿಡಿಯುತ್ತೇನೆ. ಡಾಕ್ಟರು ಸಣ್ಣ ಬ್ಲೇಡಿನಿಂದ ಹುಣ್ಣಿನ ಅಂಚನ್ನು ಮೆಲ್ಲಗೆ ಕೆರೆಯುತ್ತಾರೆ. ಬರುವುದು ಗಸಗಸೆ ಕಾಳಿನಷ್ಟು. ಅದನ್ನು ಗಾಜಿನ ಸ್ಲೈಡಿಗೆ ಸವರಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಒಂದು ಹನಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಫಂಗಸ್ ಇದ್ದರೆ ಕವಲೊಡೆದ ಎಳೆಗಳು. ಒದ್ದೆ ಜಾಗದಲ್ಲಿಟ್ಟ ರೊಟ್ಟಿಗೆ ಹಿಡಿದ ಬೂಷ್ಟಿನದೇ ಜಾತಿ. ಅದೇ ದಿನ ಔಷಧಿ ಶುರು ಮಾಡಬಹುದು. ಉಳಿದ ಚೂರನ್ನು ಬೆಳೆಸಿ ನೋಡಲು ಲ್ಯಾಬಿಗೆ ಕಳಿಸುತ್ತಾರೆ.

ಎಳೆ ಕಂಡರೆ ನಟಮೈಸಿನ್ 5 ಪರ್ಸೆಂಟ್ ಡ್ರಾಪ್ಸ್. ಹೊಸ ಔಷಧಿ ವೊರಿಕೊನಜೋಲ್ ಇದಕ್ಕಿಂತ ಮೇಲಿರಬಹುದು ಎಂಬ ಲೆಕ್ಕಾಚಾರ ಇತ್ತು. ತಮಿಳುನಾಡು, ಪುದುಚೇರಿಯ ಅರವಿಂದ್ ಕಣ್ಣಾಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2013ರಲ್ಲಿ ಬಂತು. ಹಳೆಯ ನಟಮೈಸಿನ್ನೇ ಗೆದ್ದಿತು, ಅದರಲ್ಲೂ ಫ್ಯುಸೇರಿಯಂ ಎಂಬ ಫಂಗಸ್ ವಿರುದ್ಧ. ಮೊದಮೊದಲು ಗಂಟೆಗೊಮ್ಮೆ ಹಾಕಬೇಕು, ಆಮೇಲೆ ಕಡಿಮೆ ಮಾಡುತ್ತಾ ವಾರಗಟ್ಟಲೆ. ಬಾಟಲಿ ಕುಲುಕಿಯೇ ಹಾಕಬೇಕು, ಔಷಧಿ ತಳದಲ್ಲಿ ಕೂತಿರುತ್ತದೆ. ಹಾಕಿದ ಮೇಲೆ ಹುಣ್ಣಿನ ಮೇಲೆ ಬೆಳ್ಳಗೆ ಅಂಟಿಕೊಳ್ಳುವುದೂ ಔಷಧಿಯೇ. ಅದನ್ನು ಕೀವು ಅಂದುಕೊಂಡು ಹತ್ತಿಯಿಂದ ಒರೆಸಿ ತೆಗೆದವರಿದ್ದಾರೆ.

ಇನ್ನು ನೀವು ಬರೆದ ಆ ಡ್ರಾಪ್ಸ್ ವಿಷಯ. ಬಾಟಲಿ ಇನ್ನೂ ಇದ್ದರೆ ಸಣ್ಣ ಅಕ್ಷರದಲ್ಲಿ ಏನಿದೆ ನೋಡಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಇವು ಸ್ಟೀರಾಯ್ಡ್. ಹಾಕಿದ ಮರುದಿನವೇ ಕೆಂಪು ಇಳಿಯುತ್ತದೆ, ನೋವು ಕಡಿಮೆ ಆಗುತ್ತದೆ. ಎಲ್ಲರಿಗೂ ಖುಷಿ. ಆದರೆ ಕೆಂಪಾಗುವುದು ದೇಹ ಹೋರಾಡುವ ಗುರುತು. ಸ್ಟೀರಾಯ್ಡ್ ಹೋರಾಟ ನಿಲ್ಲಿಸುತ್ತದೆ, ಫಂಗಸ್ಸಿಗೆ ಹೊಲ ಹಸನು ಮಾಡಿ ಕೊಟ್ಟಂತೆ. ನಿಮ್ಮ ಅವ್ವನ ವಿಷಯದಲ್ಲಿ ಹೀಗೇ ಆಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಒಪಿಡಿಗೆ ಬರುವ ಕೆಟ್ಟ ಹುಣ್ಣುಗಳಲ್ಲಿ ಎಷ್ಟೋ ಜನರ ಜೇಬಿನಿಂದ ಆ ಸಣ್ಣ ಬಾಟಲಿ ಹೊರಗೆ ಬರುತ್ತದೆ.

ಮನೆಮದ್ದಿನ ಬಗ್ಗೆ ಬೈಯುವ ಅರ್ಹತೆ ನನಗಿಲ್ಲ. ನಮ್ಮ ಸೋದರಮಾವನಿಗೇ ಹುಲ್ಲು ಬಡಿದಾಗ ಔಡಲೆಣ್ಣೆ ಬಿಟ್ಟರು, ಎದೆಹಾಲು ಹಾಕಿದರು, ನಾಲಿಗೆಯಿಂದ ಕಸ ತೆಗೆಯುವವರ ಹತ್ತಿರವೂ ಕರೆದುಕೊಂಡು ಹೋದರು. ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಅಳಿಯನಾದ ನನಗೆ ಫೋನ್ ಬಂದದ್ದು 12ನೇ ದಿನ. 'ನಿನಗ್ಯಾಕ ತ್ರಾಸು ಕೊಡೋದು ಅಂತ ಬಿಟ್ವಿ' ಅಂದರು ಅತ್ತೆ. ಅಷ್ಟರಲ್ಲಿ ಹುಣ್ಣು ಆಳಕ್ಕೆ ಇಳಿದು ಸೂಜಿಮೊನೆಯಷ್ಟು ತೂತಾಗಿತ್ತು. ಅಂಥ ತೂತಿಗೆ ಡಾಕ್ಟರು ಒಂದು ತರಹದ ಅಂಟು ಹಾಕಿ, ಮೇಲೆ ಮೆತ್ತನೆಯ ಲೆನ್ಸ್ ಮುಚ್ಚುತ್ತಾರೆ. ಕಣ್ಣುಗುಡ್ಡೆ ಉಳಿಯಿತು, ನೋಟ ಉಳಿಯಲಿಲ್ಲ. ಅಂಟಿಗೂ ಬಗ್ಗದಿದ್ದರೆ ಸೋಂಕಿದ ಕಾರ್ನಿಯಾವನ್ನೇ ಕತ್ತರಿಸಿ ದಾನಿಯದನ್ನು ಹೊಲಿಯಬೇಕಾಗುತ್ತದೆ. ಅದು ನೋಟಕ್ಕಾಗಿ ಮಾಡುವ ಆಪರೇಷನ್ ಅಲ್ಲ, ಕಣ್ಣುಗುಡ್ಡೆ ಉಳಿಸಿಕೊಳ್ಳಲು.

ಸರಿ, ಮಾಗಿ ಹೂ ಆದ ಮೇಲೆ ಏನು ಮಾಡಬಹುದು? ಚುಕ್ಕೆ ಎಲ್ಲಿದೆ ಎಂಬುದು ಮುಖ್ಯ. ಪಾಪೆಯಿಂದ ದೂರ, ಅಂಚಿನಲ್ಲಿದ್ದರೆ ಸುಮ್ನೆ ಬಿಡುವುದೇ ಒಳ್ಳೆಯದು. ತೆಳುವಾಗಿದ್ದು ಮೇಲ್ಮೈ ಏರುಪೇರಾಗಿದ್ದರೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ನೋಡುತ್ತಾರೆ. ಲೆನ್ಸಿನ ಹಿಂದೆ ಕಣ್ಣೀರು ತುಂಬಿ ತಗ್ಗುದಿಣ್ಣೆ ಸಮ ಆಗುತ್ತದೆ, ಕನ್ನಡಕದಿಂದ ಬರದ ನೋಟ ಕೆಲವರಿಗೆ ಇದರಿಂದ ಬರುತ್ತದೆ. ಆದರೆ ಹೊಲದ ಧೂಳಿನಲ್ಲಿ ದುಡಿಯುವವರಿಗೆ ಅದನ್ನು ನಿಭಾಯಿಸುವುದು ಕಷ್ಟ. ಪಾಪೆಯ ಎದುರಿಗೇ ದಟ್ಟ ಬಿಳಿ ಇದ್ದರೆ ಉಳಿದ ದಾರಿ ಕಾರ್ನಿಯಾ ಕಸಿ.

ಮನುಷ್ಯರ ಕಾರ್ನಿಯಾ ಕಸಿ ಮೊದಲು ಸಫಲ ಆದದ್ದು 1905ರ ಡಿಸೆಂಬರ್ 7ರಂದು, ಈಗಿನ ಜೆಕ್ ದೇಶದ ಓಲೋಮೋಟ್ಸ್ ಎಂಬ ಊರಿನಲ್ಲಿ. ಮಾಡಿದವರು ಡಾ. ಎಡ್ವರ್ಡ್ ಜಿರ್ಮ್. ರೋಗಿ ಒಬ್ಬ ಕೂಲಿಕಾರ, ಸುಣ್ಣ ಸಿಡಿದು ಎರಡೂ ಕಣ್ಣು ಸುಟ್ಟುಕೊಂಡಿದ್ದವನು. ಕಾರ್ನಿಯಾ ಬಂದದ್ದು ಕಬ್ಬಿಣದ ಚೂರು ಹೊಕ್ಕು ಕಣ್ಣು ತೆಗೆಯಬೇಕಾಗಿ ಬಂದ 11 ವರ್ಷದ ಹುಡುಗನಿಂದ. ಸುಣ್ಣ, ಕಬ್ಬಿಣ. ನೂರಿಪ್ಪತ್ತು ವರ್ಷದ ಹಿಂದಿನ ಯುರೋಪಿನ ಕಥೆ, ಕೇಳಿದರೆ ಬಳ್ಳಾರಿಯ ಒಪಿಡಿಯಲ್ಲಿ ಕೂತಂತೆ ಆಗುತ್ತದೆ, ಅಲ್ವಾ?

ಈಗ ಕಾರ್ನಿಯಾವನ್ನು ಪೂರ್ತಿ ಬದಲಿಸಲೇಬೇಕು ಅಂತಿಲ್ಲ. ಕೆಟ್ಟ ಪದರವನ್ನಷ್ಟೇ ಬದಲಿಸಬಹುದು. ಕಲೆ ಮೇಲ್ಭಾಗದಲ್ಲಿದ್ದರೆ ಮುಂದಿನ ಪದರ. ತೀರಾ ಒಳಗಿನ, ನೀರು ಹೊರಹಾಕುವ ಜೀವಕೋಶಗಳ ಪದರ ಸೋತು ಕಾರ್ನಿಯಾ ಊದಿಕೊಂಡಿದ್ದರೆ ಹಿಂದಿನ ಪದರ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಮಾಡಿದ್ದು ಇದನ್ನೇ. ಎರಡು ಕಾರ್ನಿಯಾಗಳನ್ನು ಸೀಳಿ ನಾಲ್ಕು ಪದರ ಮಾಡಿ ನಾಲ್ವರಿಗೆ ಕೂರಿಸಿದರು. 'ಅಪ್ಪು ಕಣ್ಣು ನಾಲ್ಕು ಜನಕ್ಕೆ ಹೆಂಗ ಬಂತು' ಅಂತ ಆಗ ಕೇಳದವರಿಲ್ಲ. ಎರಡು ಕಣ್ಣು ನಾಲ್ಕಾಗಲಿಲ್ಲ, ಎರಡು ಗಾಜು ನಾಲ್ಕಾದವು. ನೋಟ ಬರುವಂತೆ ಕಣ್ಣುಗುಡ್ಡೆಯನ್ನೇ ಕಸಿ ಮಾಡಲು ಇನ್ನೂ ಬರುವುದಿಲ್ಲ.

ನಿಮ್ಮ ಅವ್ವಗೆ ಕಸಿ ಬೇಕು ಅಂತಾದರೆ ಮೊದಲೇ ತಿಳಿದಿರಲಿ, ಇದು ಪೊರೆ ಆಪರೇಷನ್ನಿನಂತೆ ಬೆಳಿಗ್ಗೆ ಹೋಗಿ ಸಂಜೆ ಬಂದು, ತಿಂಗಳಲ್ಲಿ ಮರೆಯುವ ಕೆಲಸ ಅಲ್ಲ. ಪೂರ್ತಿ ಕಸಿಯಲ್ಲಿ ಸಾಮಾನ್ಯವಾಗಿ 16 ಹೊಲಿಗೆ, ತಲೆಗೂದಲಿಗಿಂತ ಸಣ್ಣ ದಾರ. ಅವನ್ನು ಪೂರ್ತಿ ತೆಗೆಯಲು ವರ್ಷವೋ, ಇನ್ನೂ ಜಾಸ್ತಿಯೋ ಆಗುತ್ತದೆ. ನೋಟ ಸ್ಥಿರವಾಗುವುದೂ ಅಷ್ಟೇ ನಿಧಾನ. ದೇಹ ಹೊಸ ಕಾರ್ನಿಯಾವನ್ನು ಹೊರಗಿನದು ಅಂತ ತಳ್ಳಬಾರದಲ್ಲ, ಅದಕ್ಕೆ ತಿಂಗಳುಗಟ್ಟಲೆ ಡ್ರಾಪ್ಸ್. ಯಾವ ಡ್ರಾಪ್ಸ್ ಗೊತ್ತಾ? ಅದೇ ಸ್ಟೀರಾಯ್ಡ್. ಫಂಗಸ್ ಇದ್ದಾಗ ಕಣ್ಣು ತಿನ್ನುವ ಔಷಧಿಯೇ ಇಲ್ಲಿ ಕಣ್ಣು ಕಾಯುತ್ತದೆ. ಕಸಿ ಆದ ಕಣ್ಣು ಕೆಂಪಾದರೆ, ನೋವಾದರೆ, ಮಂಜಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಂತೆ ಮುಗಿಸಿ ಹೋಗೋಣ ಅನ್ನುವಂತಿಲ್ಲ. ಹುಬ್ಬಳ್ಳಿಗೋ ಹೈದರಾಬಾದಿಗೋ ಪದೇ ಪದೇ ಓಡಾಡಲು ಜೊತೆಗೆ ಯಾರು ಬರುತ್ತಾರೆ ಎಂಬುದನ್ನು ಆಪರೇಷನ್‌ಗೆ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಕಸಿ ಬೇಡ ಅನ್ನುವುದೂ ತಪ್ಪು ತೀರ್ಮಾನವಲ್ಲ.

ಕಾರ್ನಿಯಾದ ಬೇರೆ ತೊಂದರೆಗಳ ಬಗ್ಗೆ ನಾಲ್ಕು ಮಾತು. ತೋರಣಗಲ್ಲು, ಬಳ್ಳಾರಿ ಕಡೆ ಗ್ರೈಂಡಿಂಗ್ ಮಾಡುವವರ ಕಣ್ಣಿಗೆ ಕಬ್ಬಿಣದ ಕಣ ಹತ್ತಿಕೊಂಡು ಸುತ್ತ ತುಕ್ಕಿನ ಉಂಗುರ ಆಗುತ್ತದೆ. ಜೊತೆಗಾರ ಕರ್ಚೀಫಿನ ತುದಿಯಿಂದ ತೆಗೆಯಲು ಹೋಗಬಾರದು. ಕಪ್ಪು ಗಾಜು ಇಲ್ಲದೆ ವೆಲ್ಡಿಂಗ್ ನೋಡಿದವರಿಗೆ ರಾತ್ರಿ ಮಲಗಿದ ಮೇಲೆ ಮರಳು ಸುರಿದಂತೆ ಉರಿ ಶುರುವಾಗುತ್ತದೆ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಮಕ್ಕಳು ಸದಾ ಕಣ್ಣು ಉಜ್ಜುತ್ತಿದ್ದು, ಕನ್ನಡಕದ ನಂಬರು ಮೇಲಿಂದ ಮೇಲೆ ಬದಲಾಗುತ್ತಿದ್ದರೆ ಕೆರಟೋಕೋನಸ್ ಇದೆಯಾ ನೋಡಿಸಿ. ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದೆ ಉಬ್ಬುವ ರೋಗ ಅದು. ಬೇಗ ಸಿಕ್ಕರೆ ರೈಬೋಫ್ಲೇವಿನ್ ಡ್ರಾಪ್ಸ್ ಹಾಕಿ ಅತಿನೇರಳೆ ಬೆಳಕು ಬಿಟ್ಟು ಗಟ್ಟಿ ಮಾಡಿ ಅಲ್ಲಿಗೇ ನಿಲ್ಲಿಸಬಹುದು. ರೈಬೋಫ್ಲೇವಿನ್ ಅಂದರೆ ಬಿ2 ವಿಟಮಿನ್ನೇ.

ಸುಣ್ಣದ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಎಲೆ ಅಡಿಕೆಯ ಸುಣ್ಣದ ಪ್ಯಾಕೆಟ್ ಮಕ್ಕಳು ಹಿಚುಕಿ ಆಡುತ್ತವೆ, ಪಟ್ಟನೆ ಒಡೆದು ಕಣ್ಣಿಗೆ ಸಿಡಿಯುತ್ತದೆ. ಆಗ ಗಾಡಿ ಹುಡುಕಬೇಡಿ, ಮೊದಲು ನೀರು. ನಲ್ಲಿ ನೀರು, ಕೊಡದ ನೀರು, ಏನಿದೆಯೋ ಅದು. ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆ ಬಿಡದೆ ತೊಳೆದು, ಆಮೇಲೆ ಆಸ್ಪತ್ರೆ.

ಗರಿ ಬಡಿದಾಗಲೂ ಕುಡಿಯುವ ನೀರಿನಿಂದ ತೊಳೆಯಿರಿ, ಆದರೆ ಕಾಲುವೆ ನೀರು ಬೇಡ. ಉಜ್ಜಬೇಡಿ, ಬಟ್ಟೆ ಬಿಗಿಯಾಗಿ ಕಟ್ಟಬೇಡಿ. ಮರುದಿನವೂ ನೋವು, ನೀರು, ಬೆಳಕು ತಡೆಯದಂತಾಗುವುದು ಇದ್ದರೆ ಕಣ್ಣಿನ ಡಾಕ್ಟರಿಗೇ ತೋರಿಸಿ. ಹೊಲದಲ್ಲಿ ಸಾದಾ ಪ್ಲಾಸ್ಟಿಕ್ ಕನ್ನಡಕ ಹಾಕಿದರೂ ಸಾಕು, ಇಷ್ಟೆಲ್ಲಾ ತಪ್ಪುತ್ತದೆ. 'ಚಶ್ಮಾ ಹಾಕ್ಕೊಂಡು ಹೀರೋಯಿನ್ ಆಗ್ಯಾಳ' ಅಂತ ಸಾಲಿನವರು ನಗುತ್ತಾರೆ ಅಂತ ಒಬ್ಬ ಅಕ್ಕ ಹೇಳಿದ್ದರು. ನಗಲಿ ಬಿಡಿ.

ಅವ್ವನನ್ನು ಕೊಪ್ಪಳ ಅಥವಾ ರಾಯಚೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಒಮ್ಮೆ ಕರೆದುಕೊಂಡು ಹೋಗಿ. ಹಳೆಯ ಚೀಟಿ, ಖಾಲಿ ಬಾಟಲಿ ಎಲ್ಲಾ ಒಯ್ಯಿರಿ. ಎಡಗಣ್ಣಿಗೆ ನಾಲ್ಕು ದಿಕ್ಕಿನಿಂದ ಟಾರ್ಚ್ ಬಿಟ್ಟು ಬೆಳಕು ಯಾವ ಕಡೆಯಿಂದ ಬಂತು ಅಂತ ಕೇಳುತ್ತಾರೆ. ಹಿಂದಿನ ನರ, ಪರದೆ ಚೆನ್ನಾಗಿವೆಯಾ ಅಂತ ತಿಳಿಯುವುದು ಅದರಿಂದಲೇ. ಅದು ಸರಿ ಇದ್ದರೆ ಮಾತ್ರ ಕಸಿಯ ಮಾತು. ಹಾಗೇ ಬಲಗಣ್ಣನ್ನೂ ತೋರಿಸಿ. 56 ವರ್ಷಕ್ಕೆ ಅಲ್ಲಿ ನಿಜವಾದ ಪೊರೆ ಶುರುವಾಗಿರಬಹುದು. ಕ್ಯಾಂಪಿನಲ್ಲಿ ತೆಗೆಸಬಹುದಾದದ್ದು ಅದನ್ನು.