ಗೃಹಪ್ರವೇಶದ ಹೋಮಕ್ಕೆ ಸ್ಪ್ರಿಂಕ್ಲರ್ ವಾಲ್ವ್ ಬಂದ್ ಮಾಡಿಸಬೇಕಾ?

ಪ್ರಶ್ನೆ: ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟ್ ತಗೊಂಡಿದ್ದೇವೆ, ಹನ್ನೊಂದನೇ ಮಹಡಿ. ಮುಂದಿನ ವಾರ ಗೃಹಪ್ರವೇಶ, ಹಾಲ್‌ನಲ್ಲಿ ಗಣಹೋಮ ಇಟ್ಟುಕೊಂಡಿದ್ದೇವೆ. ಹೊಗೆ ಎದ್ದರೆ, ಬೆಂಕಿ ಬಿದ್ದಾಗ ನೀರು ಸುರಿಸಲು ಚಾವಣಿಗೆ ಹಾಕಿರುವ ಸ್ಪ್ರಿಂಕ್ಲರ್‌ಗಳೆಲ್ಲ ಒಟ್ಟಿಗೆ ಆನ್ ಆಗಿ ಮನೆಯೆಲ್ಲ ನೀರಾಗುತ್ತದೆ, ಆ ದಿನ ವಾಲ್ವ್ ಬಂದ್ ಮಾಡಿಸಿ ಅಂತ ಇಂಟೀರಿಯರ್ ಕೆಲಸದವರು ಹೇಳುತ್ತಿದ್ದಾರೆ. ಮಾಡಿಸಬಹುದಾ?

ಬೇಡ. ದಯವಿಟ್ಟು ಮಾಡಿಸಬೇಡಿ.

ಆಷಾಢ ಮುಗಿದು ಶ್ರಾವಣ ಬಂತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಪ್ರತಿ ಸಲ ಒಬ್ಬೊಬ್ಬರಿಗೆ ಬೇರೆ ಬೇರೆ ಬರೆದು ಸಾಕಾಗಿದೆ, ಅದಕ್ಕೇ ಈ ಸಲ ಪೂರ್ತಿಯಾಗಿ ಬರೆಯುತ್ತಿದ್ದೇನೆ. ನಿಮ್ಮ ಬ್ಲಾಕ್‌ನ ವಾಟ್ಸಾಪ್ ಗ್ರೂಪಿಗೂ ಹಾಕಿ.

ಸ್ಪ್ರಿಂಕ್ಲರ್‌ಗೆ ಹೊಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಬಿಸಿ ಮಾತ್ರ. ಹೋಮದ ಹೊಗೆ, ಧೂಪ, ಒಣಮೆಣಸಿನಕಾಯಿ ಒಗ್ಗರಣೆಯ ಘಾಟು, ಕುಕ್ಕರಿನ ಆವಿ, ಸಿಗರೇಟು, ಯಾವುದರಿಂದಲೂ ಅದು ಒಡೆಯುವುದಿಲ್ಲ. ಒಂದು ಸ್ಟೂಲ್ ಹತ್ತಿ ನಿಮ್ಮ ಹಾಲ್‌ನ ಸ್ಪ್ರಿಂಕ್ಲರನ್ನು ಹತ್ತಿರದಿಂದ ನೋಡಿ, ಮುಟ್ಟಬೇಡಿ. ಎರಡು ಲೋಹದ ತೋಳುಗಳ ನಡುವೆ ಒಂದು ಪುಟ್ಟ ಗಾಜಿನ ಕೊಳವೆ ಕಾಣುತ್ತದೆ. ಅದರೊಳಗೆ ಬಣ್ಣದ ದ್ರವ, ದ್ರವದಲ್ಲಿ ಒಂದು ಸಣ್ಣ ಗಾಳಿಗುಳ್ಳೆ. ಇಷ್ಟೇ ಅದರ ಮೆದುಳು. ಬಿಸಿ ಏರಿದಂತೆ ದ್ರವ ಹಿಗ್ಗುತ್ತದೆ, ಗುಳ್ಳೆ ಕರಗಿ ಮಾಯವಾಗುತ್ತದೆ, ಆಮೇಲೆ ಹಿಗ್ಗಲು ಜಾಗ ಇಲ್ಲದೆ ಗಾಜು ಒಡೆಯುತ್ತದೆ. ಗಾಜು ಒತ್ತಿ ಹಿಡಿದಿದ್ದ ಮುಚ್ಚಳ ಹಾರಿಹೋಗಿ ನೀರು ಬರುತ್ತದೆ. ದ್ರವ ಕೆಂಪಾಗಿದ್ದರೆ 68 ಡಿಗ್ರಿ ಸೆಲ್ಸಿಯಸ್, ಹಳದಿಯಾದರೆ 79, ಹಸಿರಾದರೆ 93. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಕೆಂಪು. ವೈರ್ ಇಲ್ಲ, ಸೆನ್ಸರ್ ಇಲ್ಲ, ಕರೆಂಟ್ ಇಲ್ಲ. 1874ರಲ್ಲಿ ಅಮೆರಿಕದ ಹೆನ್ರಿ ಪಾರ್ಮಲಿ ತನ್ನ ಪಿಯಾನೊ ಕಾರ್ಖಾನೆಗೆ ಹಾಕಿಕೊಂಡ ಸ್ಪ್ರಿಂಕ್ಲರ್‌ನಲ್ಲಿ ಗಾಜಿನ ಬದಲು ಬಿಸಿಗೆ ಕರಗುವ ಬೆಸುಗೆ ಇತ್ತು, ಆದರೆ ಬಿಸಿಗೆ ಮಾತ್ರ ಬಾಯಿ ಬಿಡುವ ಆ ಉಪಾಯ ಇವತ್ತಿಗೂ ಅದೇ.

ಈಗ ಎರಡನೇ ಮಾತು, ಎಷ್ಟು ಹೇಳಿದರೂ ಜನರ ತಲೆಯಿಂದ ಹೋಗದ ಮಾತು: ಒಂದು ಒಡೆದರೆ ಎಲ್ಲವೂ ಒಟ್ಟಿಗೆ ಸುರಿಯುತ್ತವೆ ಅನ್ನುವುದು. ಇದು ಸಿನಿಮಾದಿಂದ ಬಂದದ್ದು. ಹೀರೋ ಲೈಟರ್ ಹಚ್ಚಿ ಹಿಡಿಯುತ್ತಾನೆ, ಇಡೀ ಆಫೀಸಿನಲ್ಲಿ ಮಳೆ. ನಿಜದಲ್ಲಿ ಒಂದು ಸ್ಪ್ರಿಂಕ್ಲರ್ ಇನ್ನೊಂದಕ್ಕೆ ಸುದ್ದಿ ಕಳಿಸುವ ದಾರಿಯೇ ಇಲ್ಲ. ಅವುಗಳ ನಡುವೆ ಇರುವುದು ನೀರಿನ ಪೈಪ್ ಒಂದೇ. ಹಾಲ್‌ನದ್ದು ಒಡೆದರೆ ಹಾಲ್‌ನದ್ದು ಮಾತ್ರ. ಬೆಡ್‌ರೂಮಿನದ್ದು ಒಡೆಯಬೇಕಾದರೆ ಬೆಡ್‌ರೂಮಿನ ಚಾವಣಿಯ ಕೆಳಗೂ ಅಷ್ಟೇ ಬಿಸಿ ಮುಟ್ಟಬೇಕು. ಎಲ್ಲ ಒಟ್ಟಿಗೆ ಸುರಿಯುವ ವ್ಯವಸ್ಥೆಯೂ ಇದೆ, ಡೆಲ್ಯೂಜ್ ಅನ್ನುತ್ತಾರೆ, ಅದನ್ನು ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳಿಗೆ ಹಾಕುತ್ತಾರೆ, ನಿಮ್ಮ ಡೈನಿಂಗ್ ಟೇಬಲ್ ಮೇಲೆ ಅಲ್ಲ. ಬೆಂಕಿ ಸುರಕ್ಷತೆಗೆ ಅಂತಲೇ ಇರುವ ಅಮೆರಿಕದ ಎನ್‌ಎಫ್‌ಪಿಎ ಸಂಸ್ಥೆ ವರ್ಷಗಟ್ಟಲೆ ಲೆಕ್ಕ ಇಟ್ಟಿದೆ: ಸ್ಪ್ರಿಂಕ್ಲರ್ ಕೆಲಸ ಮಾಡಿದ ಬೆಂಕಿಗಳಲ್ಲಿ ನಾಲ್ಕರಲ್ಲಿ ಮೂರಕ್ಕಿಂತ ಜಾಸ್ತಿ ಕಡೆ ತೆರೆದದ್ದು ಒಂದೇ ಒಂದು. ಅದೇ ಸಂಸ್ಥೆಯ ಇನ್ನೊಂದು ಲೆಕ್ಕ ನಿಮಗೆ ಇದಕ್ಕಿಂತ ಮುಖ್ಯ. ಬೆಂಕಿ ಬಿದ್ದಾಗ ಸ್ಪ್ರಿಂಕ್ಲರ್ ಕೆಲಸ ಮಾಡದೆ ಕೈಕೊಟ್ಟ ಪ್ರಕರಣಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಕಾರಣ, ಮೊದಲೇ ಯಾರೋ ವ್ಯವಸ್ಥೆಯನ್ನು ಬಂದ್ ಮಾಡಿಟ್ಟಿದ್ದು.

ಅದಕ್ಕೇ ವಾಲ್ವ್ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುವುದು. ಆ ವಾಲ್ವ್ ನಿಮ್ಮೊಬ್ಬರದಲ್ಲ. ಲಿಫ್ಟ್ ಪಕ್ಕದ ಫೈರ್ ಡಕ್ಟ್ ಬಾಗಿಲು ತೆಗೆದರೆ ಕಾಣುವ ಆ ಹಿಡಿಕೆ ಸಾಮಾನ್ಯವಾಗಿ ಇಡೀ ಮಹಡಿಗೆ ಒಂದೇ. ನೀವು ಹೋಮಕ್ಕೆ ಅಂತ ತಿರುಗಿಸಿದರೆ ಎದುರು ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಯ ಮನೆಗೂ ನೀರಿಲ್ಲ. ಮುಚ್ಚುವಾಗ ಎಲ್ಲರಿಗೂ ಅವಸರ. ತೆರೆಯುವ ಹೊತ್ತಿಗೆ ಊಟ ಮುಗಿದು, ತಾಂಬೂಲ ಕೊಟ್ಟು, ನೆಂಟರನ್ನು ಕಳಿಸಿ ಎಲ್ಲರೂ ಸುಸ್ತಾಗಿರುತ್ತಾರೆ, ಮುಚ್ಚಿದ ಪ್ಲಂಬರ್‌ನ ಶಿಫ್ಟ್ ಮುಗಿದಿರುತ್ತದೆ. ಮನೆಯವರು ಒಳಗೆ ಸಂಸಾರ ಹೂಡಿ ಎಷ್ಟೋ ಕಾಲವಾದ ಮೇಲೂ, ಗೃಹಪ್ರವೇಶಕ್ಕೆ ಅಂತ ಮುಚ್ಚಿದ ವಾಲ್ವ್ ಹಾಗೇ ಇದ್ದದ್ದನ್ನು ನಾನೇ ನೋಡಿದ್ದೇನೆ. ಹಿಡಿಕೆಯ ಮೇಲೆ ಧೂಳು ಕೂತಿತ್ತು.

ಹಾಗಾದರೆ ಹೋಮ ಹೇಗೆ? ಹೋಮಕುಂಡವನ್ನು ಸ್ಪ್ರಿಂಕ್ಲರ್‌ನ ನೇರ ಕೆಳಗೆ ಇಡಬೇಡಿ, ಅಷ್ಟೇ. ಹೊಗೆಗೆ ಒಡೆಯದಿದ್ದರೂ, ಪೂರ್ಣಾಹುತಿಗೆ ತುಪ್ಪ ಸುರಿದಾಗ ಎದ್ದ ಜ್ವಾಲೆಯ ಬಿಸಿ ನೇರವಾಗಿ ಮೇಲೆ ಹೋಗುತ್ತದೆ, ಫ್ಲ್ಯಾಟಿನ ಚಾವಣಿ ಎತ್ತರವೇನೂ ಅಲ್ಲ, ಆಗ ಗಾಜು ಒಡೆಯುವ ಸಾಧ್ಯತೆ ನಿಜವಾಗಿಯೂ ಇದೆ. ಪುರೋಹಿತರಿಗೆ ಮೊದಲೇ ಹೇಳಿ, ಕುಂಡವನ್ನು ಬಾಲ್ಕನಿ ಬಾಗಿಲ ಹತ್ತಿರಕ್ಕೆ ಸರಿಸಿ, ಚಿಕ್ಕ ಕುಂಡ ತರಿಸಿ, ಕಿಟಕಿ ತೆಗೆದಿಡಿ. ಹೊಗೆಗೆ ಕೂಗಿಕೊಳ್ಳುವುದು ಚಾವಣಿಯ ಇನ್ನೊಂದು ವಸ್ತು, ಬಿಳಿ ಬಟ್ಟಲಿನ ಹಾಗಿರುವ ಸ್ಮೋಕ್ ಡಿಟೆಕ್ಟರ್. ಜನ ಇವೆರಡನ್ನು ಕಲಸಿಕೊಂಡೇ ಇಷ್ಟೆಲ್ಲ ಗೊಂದಲ. ಡಿಟೆಕ್ಟರ್ ನಿಮ್ಮ ಮನೆಯಲ್ಲಿದ್ದರೆ ಮೇಂಟೆನೆನ್ಸ್ ಆಫೀಸಿಗೆ ಹಿಂದಿನ ದಿನವೇ ತಿಳಿಸಿ. ಅವರು ಕಟ್ಟಡದ ಫೈರ್ ಅಲಾರ್ಮ್ ಪ್ಯಾನೆಲ್‌ನಲ್ಲಿ ನಿಮ್ಮ ಮನೆಯ ಡಿಟೆಕ್ಟರನ್ನು ಮಾತ್ರ ಸ್ವಲ್ಪ ಹೊತ್ತು ತೆಗೆದಿಟ್ಟು, ಹೋಮ ಮುಗಿದ ಮೇಲೆ ಮತ್ತೆ ಸೇರಿಸಬಹುದು. ಸೇರಿಸಿದ್ದಾರಾ ಅಂತ ಅವತ್ತೇ ಫೋನ್ ಮಾಡಿ ಕೇಳಿ.

ಇಂಟೀರಿಯರ್ ಕೆಲಸದವರ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ವಾಲ್ವ್ ಮುಚ್ಚಿ ಅನ್ನುವವರೇ ಎಷ್ಟೋ ಕಡೆ ಸ್ಪ್ರಿಂಕ್ಲರನ್ನು ಹಾಳು ಮಾಡಿ ಹೋಗಿರುತ್ತಾರೆ. ಫಾಲ್ಸ್ ಸೀಲಿಂಗ್ ಹಾಕುವಾಗ ಅದನ್ನು ಕೆಳಗೆ ಇಳಿಸದೆ ಜಿಪ್ಸಮ್ ಮೇಲೆ ಬಚ್ಚಿಡುತ್ತಾರೆ. ಅಂಥದ್ದಕ್ಕೆ ಬಿಸಿ ಮುಟ್ಟುವುದು ತಡ, ನೀರು ಬಂದರೂ ಬೀಳುವುದು ಜಿಪ್ಸಮ್ ಹಲಗೆಯ ಮೇಲೆ. ಪೇಂಟರ್ ರೋಲರ್ ಓಡಿಸುವಾಗ ಗಾಜಿನ ಮೇಲೂ ಬಣ್ಣ ಬಳಿಯುತ್ತಾನೆ. ಬಣ್ಣ ಬಿದ್ದ ಸ್ಪ್ರಿಂಕ್ಲರನ್ನು ತಿನ್ನರ್ ಹಾಕಿ ಒರೆಸಿ ಸರಿಮಾಡುವ ಹಾಗಿಲ್ಲ, ಬದಲಿಸಬೇಕು. ನಿಯಮ ಇರುವುದೇ ಹಾಗೆ. ಚಾವಣಿಗೆ ಸಮನಾಗಿ ದುಂಡನೆ ಬಿಲ್ಲೆ ಮುಚ್ಚಿರುವ ಮಾದರಿ ಇದ್ದರೆ ಇನ್ನೂ ಹುಷಾರಾಗಿರಿ. ಆ ಬಿಲ್ಲೆ ಬಿಸಿಗೆ ತಾನಾಗಿ ಕಳಚಿ ಬೀಳಬೇಕು, ಸುತ್ತಲಿನ ಸಂದಿಗೆ ಪುಟ್ಟಿ ಮೆತ್ತಿದರೆ ಬೀಳುವುದು ಹೇಗೆ? ಹೊಸ ಫ್ಲ್ಯಾಟ್ ಆದ್ದರಿಂದ ಇನ್ನೊಂದು ನೋಡಿ: ಸಾಗಿಸುವಾಗ ಗಾಜು ಒಡೆಯದಿರಲಿ ಅಂತ ಹಾಕಿದ ಪ್ಲಾಸ್ಟಿಕ್ ಕ್ಲಿಪ್ ಕೆಲವು ಕಡೆ ಹಾಗೇ ಉಳಿದಿರುತ್ತದೆ. ಕಂಡರೆ ನೀವು ಎಳೆಯಬೇಡಿ, ಬಿಲ್ಡರ್ ಕಡೆಯವರನ್ನು ಕರೆಸಿ ತೆಗೆಸಿ.

ಆಮೇಲೆ ನಿಮ್ಮ ಪಾಲಿನ ನಿರ್ವಹಣೆ ತುಂಬಾ ಕಡಿಮೆ. ತಿಂಗಳಿಗೊಮ್ಮೆ ತಲೆ ಎತ್ತಿ ನೋಡಿ. ದ್ರವ ಇದೆಯಾ, ಬಣ್ಣ ಮಾಸಿದೆಯಾ, ತುಕ್ಕು ಅಥವಾ ಹನಿ ಕಾಣುತ್ತಾ. ದೀಪಾವಳಿ ಸೀರಿಯಲ್ ಲೈಟನ್ನು, ಹುಟ್ಟುಹಬ್ಬದ ಬಲೂನನ್ನು ಅದಕ್ಕೆ ಕಟ್ಟಬೇಡಿ. ವಾರ್ಡ್‌ರೋಬ್ ಮೇಲೆ ಸೂಟ್‌ಕೇಸ್ ಪೇರಿಸುವಾಗ ಸ್ಪ್ರಿಂಕ್ಲರ್ ಕೆಳಗೆ ಒಂದೂವರೆ ಅಡಿ ಖಾಲಿ ಬಿಡಿ, ಇಲ್ಲದಿದ್ದರೆ ನೀರು ಹರಡುವುದಿಲ್ಲ.

ನೀವು ಕೇಳಿಲ್ಲ, ಆದರೆ ಕೇಳಬೇಕಾಗಿದ್ದ ಪ್ರಶ್ನೆ ಒಂದಿದೆ: ಗಾಜು ಒಡೆದರೆ ನೀರು ಬರುತ್ತಾ? ಅದು ಬೇಸ್‌ಮೆಂಟಿನ ವಿಷಯ. 2024ರ ಬೇಸಿಗೆ ನೆನಪಿದೆಯಲ್ವಾ, ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕಾದು ಕೂತ ದಿನಗಳು. ಅಂಥ ದಿನಗಳಲ್ಲಿ ಎಲ್ಲರ ಕಣ್ಣು ಬೀಳುವುದು ಫೈರ್ ಟ್ಯಾಂಕ್ ಮೇಲೆ, ಅಂದರೆ ಬೆಂಕಿ ಆರಿಸಲು ಅಂತಲೇ ನೀರು ತುಂಬಿಟ್ಟಿರುವ ಟ್ಯಾಂಕ್ ಮೇಲೆ. ಒಳ್ಳೆಯ ಕಟ್ಟಡದಲ್ಲಿ ನೀರು ಮೊದಲು ಫೈರ್ ಟ್ಯಾಂಕಿಗೆ ತುಂಬಿ, ಅಲ್ಲಿಂದ ಉಕ್ಕಿದ್ದು ಮಾತ್ರ ಮನೆಬಳಕೆಯ ಟ್ಯಾಂಕಿಗೆ ಹೋಗುತ್ತದೆ. ನಿಮ್ಮಲ್ಲಿ ಹಾಗಿದೆಯಾ, ಇಲ್ಲ ಮೋಟಾರ್ ಇಟ್ಟು ಫೈರ್ ಟ್ಯಾಂಕಿನ ನೀರನ್ನೇ ಮನೆಬಳಕೆಗೆ ಎತ್ತುತ್ತಿದ್ದಾರಾ ಅಂತ ಅಸೋಸಿಯೇಷನ್ ಮೀಟಿಂಗಿನಲ್ಲಿ ಕೇಳಿ. ಪಂಪ್ ರೂಮಿಗೂ ಒಮ್ಮೆ ಇಳಿದು ಹೋಗಿ. ಮೂರು ಪಂಪ್ ಇರುತ್ತವೆ: ಒತ್ತಡ ಕಾಯುವ ಚಿಕ್ಕ ಜಾಕಿ ಪಂಪ್, ಕರೆಂಟಿನ ದೊಡ್ಡ ಪಂಪ್, ಕರೆಂಟ್ ಹೋದರೆ ಡೀಸೆಲ್ ಪಂಪ್. ಪ್ರೆಷರ್ ಗೇಜ್‌ನ ಮುಳ್ಳು ಸೊನ್ನೆಯಲ್ಲಿದ್ದರೆ ಸುಮ್ನೆ ವಾಪಸ್ ಬರಬೇಡಿ, ಯಾಕೆ ಅಂತ ಬರವಣಿಗೆಯಲ್ಲಿ ಉತ್ತರ ಕೇಳಿ. ಡೀಸೆಲ್ ಪಂಪಿನ ಬ್ಯಾಟರಿ ಸತ್ತಿರುವುದು ತುಂಬಾ ಸಾಮಾನ್ಯ, ನಿಮ್ಮೆದುರಿಗೇ ಸ್ಟಾರ್ಟ್ ಮಾಡಿಸಿ. ಆಮೇಲೆ ಪಂಪ್‌ಗಳ ಪ್ಯಾನೆಲ್ ಮೇಲಿನ ಸ್ವಿಚ್‌ಗಳು. ರಾತ್ರಿ ಪಂಪ್ ಸದ್ದಿಗೆ ಯಾರೋ ದೂರು ಕೊಟ್ಟರು ಅಂತ ಮ್ಯಾನುಯಲ್‌ಗೆ ತಿರುಗಿಸಿಟ್ಟಿರುತ್ತಾರೆ. ಮೂರೂ ಆಟೋದಲ್ಲೇ ಇರಬೇಕು.