ನೀಲಿ ಪಟ್ಟಿ ಹರಿದಿದ್ದು ನಿಜ, ಬಾವುಟ ಹುಟ್ಟಿದ್ದು ಅಲ್ಲಲ್ಲ

ಪ್ರಶ್ನೆ: ಡಚ್ಚರ ಬಾವುಟದ ನೀಲಿ ಪಟ್ಟಿ ಹರಿದು ಹಾಕಿ ಇಂಡೋನೇಷ್ಯಾದವರು ತಮ್ಮ ಬಾವುಟ ಮಾಡಿಕೊಂಡರಂತೆ, ನಿಜಾನಾ ಸರ್? ಅದು ಮೊನಾಕೊ ಬಾವುಟದ ಥರಾನೇ ಇದೆಯಲ್ಲ, ಅದ್ಯಾಕೆ?

ಉತ್ತರ: ಆಗಸ್ಟ್ ಬಂತು ಅಂದರೆ ಈ ಪ್ರಶ್ನೆಯೂ ಬಂತು. ನಮ್ಮ ಸ್ವಾತಂತ್ರ್ಯ ದಿನ ಮುಗಿದ ಎರಡೇ ದಿನಕ್ಕೆ, 17ನೇ ತಾರೀಖು, ಅವರದ್ದು. ಪ್ರತಿ ವರ್ಷ ಉತ್ತರ ಬರೆಯುತ್ತೇನೆ, ಮುಂದಿನ ವರ್ಷ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ದಯವಿಟ್ಟು ಕೊನೆಯವರೆಗೂ ಓದಿ.

ಮೊನಾಕೊದ್ದು ಮೊದಲು ಮುಗಿಸಿಬಿಡೋಣ. ಎರಡೂ ಬಾವುಟಗಳಲ್ಲಿ ಮೇಲೆ ಕೆಂಪು, ಕೆಳಗೆ ಬಿಳಿ. ಮೊನಾಕೊ ಅದನ್ನು 1881ರಲ್ಲಿ ಅಧಿಕೃತ ಮಾಡಿಕೊಂಡಿತು. ಆ ಬಣ್ಣಗಳು ಅಲ್ಲಿನ ರಾಜಮನೆತನದವು, ಗ್ರಿಮಾಲ್ಡಿಗಳವು. ಇಂಡೋನೇಷ್ಯಾದ ಬಣ್ಣಗಳಿಗೂ ಅವಕ್ಕೂ ಯಾವ ನಂಟೂ ಇಲ್ಲ. ವ್ಯತ್ಯಾಸ ಇರುವುದು ಅಳತೆಯಲ್ಲಿ. ಇಂಡೋನೇಷ್ಯಾದ್ದು ಎರಡು ಅಡಿ ಎತ್ತರ ಇದ್ದರೆ ಮೂರು ಅಡಿ ಉದ್ದ. ಮೊನಾಕೊದ್ದು ನಾಲ್ಕಕ್ಕೆ ಐದು, ಹಾಗಾಗಿ ಸ್ವಲ್ಪ ಚೌಕಾಕಾರ ಅನ್ನಿಸುತ್ತದೆ. ಪೋಲೆಂಡಿನದು ಬಿಳಿ ಮೇಲೆ, ಕೆಂಪು ಕೆಳಗೆ. ಇದನ್ನು ತಿರುವುಮುರುವು ಮಾಡಿದರೆ ಎಷ್ಟು ನೋವಾಗುತ್ತದೆ ಅಂತ 2017ರಲ್ಲಿ ಗೊತ್ತಾಯಿತು. ಕೌಲಾಲಂಪುರದ ಆಗ್ನೇಯ ಏಷ್ಯಾ ಕ್ರೀಡಾಕೂಟದ ಕೈಪಿಡಿಯಲ್ಲಿ ಇಂಡೋನೇಷ್ಯಾದ ಬಾವುಟ ತಲೆಕೆಳಗಾಗಿ ಅಚ್ಚಾಗಿತ್ತು, ಮಲೇಷ್ಯಾ ಕ್ಷಮೆ ಕೇಳಬೇಕಾಯಿತು.

ಈಗ ನೀಲಿ ಪಟ್ಟಿಯ ವಿಷಯ. ಹರಿದಿದ್ದು ನಿಜ. ಅದು ಕಟ್ಟುಕಥೆ ಅಂತ ನಾನು ಯಾವತ್ತೂ ಹೇಳಿಲ್ಲ. ಜಾವಾದ ಸುರಬಾಯಾ ಊರಿನ ತುಂಜುಂಗಾನ್ ರಸ್ತೆಯಲ್ಲಿ ಒಂದು ಹಳೇ ಹೋಟೆಲ್ ಇದೆ. ಡಚ್ಚರ ಕಾಲದಲ್ಲಿ ಅದರ ಹೆಸರು ಓರಾಂಯೆ, ಜಪಾನೀಯರ ಕಾಲದಲ್ಲಿ ಯಮಾತೊ, ಈಗ ಮಜಪಾಹಿತ್. 1945ರ ಸೆಪ್ಟೆಂಬರ್ 18ರ ರಾತ್ರಿ, ಪ್ಲೂಗ್‌ಮನ್ ಎಂಬಾತನ ಮುಂದಾಳತ್ವದಲ್ಲಿ ಕೆಲವು ಡಚ್ಚರು ಅದರ ಮೇಲೆ ತಮ್ಮ ಕೆಂಪು-ಬಿಳಿ-ನೀಲಿ ಬಾವುಟ ಏರಿಸಿದರು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತಿತ್ತು. ನಾವು ವಾಪಸ್ ಬಂದೆವು ಅಂತ ತೋರಿಸುವುದೇ ಅವರ ಉದ್ದೇಶ.

ಬೆಳಗಾಗುವಷ್ಟರಲ್ಲಿ ರಸ್ತೆ ತುಂಬಾ ಜನ. ಸ್ಥಳೀಯ ಆಡಳಿತದ ಮುಖ್ಯಸ್ಥ ಸುದಿರ್ಮಾನ್ ಒಳಗೆ ಹೋಗಿ, ಬಾವುಟ ಇಳಿಸಿ ಅಂತ ಕೇಳಿದರು. ಪ್ಲೂಗ್‌ಮನ್ ಒಪ್ಪಲಿಲ್ಲ, ಪಿಸ್ತೂಲು ತೆಗೆದ. ಹೊಡೆದಾಟ ಶುರುವಾಯಿತು. ಪ್ಲೂಗ್‌ಮನ್ ಸತ್ತ. ಸುದಿರ್ಮಾನ್ ಜೊತೆ ಹೋಗಿದ್ದ ಸಿದಿಕ್ ಎಂಬ ಹುಡುಗನೂ ಪ್ರಾಣ ಕಳೆದುಕೊಂಡ. ಅಷ್ಟರಲ್ಲಿ ಕೆಲವು ಹುಡುಗರು ಮೇಲೆ ಹತ್ತಿ ಬಾವುಟ ಇಳಿಸಿ, ಕೆಳಗಿನ ನೀಲಿ ಪಟ್ಟಿಯನ್ನು ಹರಿದು ಕಿತ್ತರು. ಉಳಿದ ಕೆಂಪು-ಬಿಳಿಯನ್ನು ಅದೇ ಕಂಬಕ್ಕೆ ಮತ್ತೆ ಏರಿಸಿದರು.

ಮೈ ಜುಮ್ಮೆನ್ನಿಸುವ ಘಟನೆ, ಅದರಲ್ಲಿ ಅನುಮಾನವೇ ಇಲ್ಲ. ಈಗ ನೀವೇ ಸ್ವಲ್ಪ ಯೋಚಿಸಿ. ಆ ಹುಡುಗರಿಗೆ ನೀಲಿಯನ್ನೇ ಕೀಳಬೇಕು ಅಂತ ಹೇಗೆ ಗೊತ್ತಾಯಿತು? ಕೆಂಪನ್ನು ಕಿತ್ತು ಬಿಳಿ-ನೀಲಿ ಯಾಕೆ ಉಳಿಸಿಕೊಳ್ಳಲಿಲ್ಲ? ಅಥವಾ ಇಡೀ ಬಾವುಟಕ್ಕೆ ಯಾಕೆ ಬೆಂಕಿ ಹಚ್ಚಲಿಲ್ಲ? ಕೆಂಪು-ಬಿಳಿ ತಮ್ಮ ಬಾವುಟ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಕೆಳಗೆ ನಿಂತ ಸಾವಿರಾರು ಜನಕ್ಕೂ ಗೊತ್ತಿತ್ತು. ಅದಕ್ಕೇ ಆ ಕೆಲಸಕ್ಕೆ ಅರ್ಥ ಬಂತು.

ತಾರೀಖನ್ನೇ ನೋಡಿ. ಸುರಬಾಯಾದ ಘಟನೆ ಸೆಪ್ಟೆಂಬರ್ 19ರದ್ದು. ಜಕಾರ್ತದ ಪೆಗಾಂಗ್ಸಾನ್ ತಿಮುರ್ 56ನೇ ನಂಬರಿನ ಮನೆಯ ಮುಂದೆ ಸ್ವಾತಂತ್ರ್ಯ ಹೋರಾಟದ ನಾಯಕ ಸುಕರ್ಣೊ ಸ್ವಾತಂತ್ರ್ಯ ಘೋಷಿಸಿ, ಕೆಂಪು-ಬಿಳಿ ಬಾವುಟ ಏರಿದ್ದು ಆಗಸ್ಟ್ 17ರಂದು. ಅಂದರೆ 33 ದಿನ ಮೊದಲು. ಮಗ ಓಡಾಡುತ್ತಿರುವಾಗ ನಾಮಕರಣದ ಫೋಟೊ ತೋರಿಸಿ, ಇವತ್ತೇ ಹುಟ್ಟಿದ ಅಂದ ಹಾಗಾಯಿತು ಇದು.

ಇನ್ನೂ ಹಿಂದಕ್ಕೆ ಹೋಗಿ. 1939ರ ಡಿಸೆಂಬರ್‌ನಲ್ಲಿ ಹಲವು ಪಕ್ಷಗಳು ಸೇರಿ ನಡೆಸಿದ ಇಂಡೋನೇಷ್ಯಾ ಜನತಾ ಸಮ್ಮೇಳನ, ಕೆಂಪು-ಬಿಳಿಯೇ ನಮ್ಮೆಲ್ಲರ ಬಾವುಟ ಅಂತ ತೀರ್ಮಾನ ಮಾಡಿತ್ತು. ಅದಕ್ಕೂ ಮುಂಚೆ, 1927ರಲ್ಲಿ ಸುಕರ್ಣೊ ಬಾಂಡುಂಗ್‌ನಲ್ಲಿ ಕಟ್ಟಿದ ರಾಷ್ಟ್ರೀಯ ಪಕ್ಷದ ಬಾವುಟವೂ ಕೆಂಪು-ಬಿಳಿ, ನಡುವೆ ಕಾಡುಗೂಳಿಯ ತಲೆ. ಅದಕ್ಕೂ ಮೊದಲು ಬಳಸಿದವರು ಯಾರು ಗೊತ್ತಾ? ಹಾಲೆಂಡಿಗೇ ಓದಲು ಹೋಗಿದ್ದ ಇಂಡೋನೇಷ್ಯಾ ವಿದ್ಯಾರ್ಥಿಗಳ ಸಂಘ. ಡಚ್ಚರ ನೆಲದಲ್ಲೇ ಕೂತು 1920ರ ದಶಕದಲ್ಲಿ ಕೆಂಪು-ಬಿಳಿಯ ಮೇಲೆ ಎಮ್ಮೆಯ ತಲೆ ಹಾಕಿದ ಬಾವುಟ ಇಟ್ಟುಕೊಂಡಿದ್ದರು.

ಬಣ್ಣಗಳ ಬೇರು ಇನ್ನೂ ಆಳದ್ದು. ಜಾವಾದಲ್ಲಿ ಕೆಂಪು-ಬಿಳಿ ಜೋಡಿಗೆ 'ಗುಲ ಕಲಾಪ' ಅಂತಾರೆ. ಗುಲ ಅಂದರೆ ಬೆಲ್ಲ, ಕಲಾಪ ಅಂದರೆ ತೆಂಗಿನಕಾಯಿ. ಅಲ್ಲಿನ ತಾಳೆಬೆಲ್ಲ ಕೆಂಪು, ಕಾಯಿತುರಿ ಬಿಳಿ. ಕಾಯಿ-ಬೆಲ್ಲ ಬೆರೆಸಿ ಕಡುಬಿನ ಹೂರಣ ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಆ ಗುಲ ಕೂಡ ಸಂಸ್ಕೃತದ ಗುಡವೇ. ಮಗುವಿಗೆ ಹೆಸರಿಡುವಾಗ ಇವತ್ತಿಗೂ ಜಾವಾದ ಮನೆಗಳಲ್ಲಿ ಕೆಂಪು-ಬಿಳಿ ಗಂಜಿ ಮಾಡುತ್ತಾರೆ, ಒಂದು ಬೆಲ್ಲದ್ದು, ಒಂದು ಸಪ್ಪೆಯದು. 1294ರ ಕುದಾಡು ತಾಮ್ರಶಾಸನದಲ್ಲಿ ಕೆಂಪು-ಬಿಳಿ ಬಾವುಟಗಳ ಮಾತು ಬರುತ್ತದೆ. ಅದು ಮಜಪಾಹಿತ್ ರಾಜ್ಯ ಕಟ್ಟಿದ ವಿಜಯನ ಶಾಸನ. ಬಾವುಟ ಮಾತ್ರ ಅವನದ್ದಲ್ಲ, ಅವನನ್ನು ಅಟ್ಟಿಸಿಕೊಂಡು ಬಂದ ಕೆದಿರಿಯ ಸೈನ್ಯದ್ದು. ಮುಂದೆ ಆ ಬಣ್ಣಗಳು ಮಜಪಾಹಿತ್ ಹೆಸರಿಗೇ ಅಂಟಿಕೊಂಡವು. ಇವತ್ತು ಇಂಡೋನೇಷ್ಯಾ ನೌಕಾಪಡೆಯ ಹಡಗುಗಳ ಮೂತಿಯಲ್ಲಿ ಹಾರುವ ಒಂಬತ್ತು ಪಟ್ಟಿಯ ಬಾವುಟ, ಐದು ಕೆಂಪು ನಾಲ್ಕು ಬಿಳಿ, ಆ ಕಾಲವನ್ನು ನೆನೆಸಿಕೊಂಡೇ ಇಟ್ಟಿದ್ದು.

ಡಚ್ ಬಾವುಟದಲ್ಲಿ ನೀಲಿ ತೆಗೆದರೆ ಕೆಂಪು-ಬಿಳಿ ಉಳಿಯುವುದು ಬರೀ ಕಾಕತಾಳೀಯ. ಎರಡು ಬಾವುಟ ಹೊಂದಿಕೊಂಡ ಮಾತ್ರಕ್ಕೆ ಒಂದರಿಂದ ಇನ್ನೊಂದು ಹುಟ್ಟಿತು ಅಂತ ಆಗುವುದಿಲ್ಲ. ನನ್ನ ಕ್ವಿಜ್ ಮಕ್ಕಳಿಗೆ ಇದನ್ನು ಒಂದು ಸಲ ಹೇಳಿದರೆ ಸಾಕು, ಮರೆಯುವುದಿಲ್ಲ. ದೊಡ್ಡವರಿಗೇ ಹತ್ತು ಸಲ ಹೇಳಬೇಕು. ಹರಿದು ಮಾಡಿದ ಬಾವುಟದ ಕಥೆಯೇ ಬೇಕು ಅಂದರೆ ಹೈಟಿ ದೇಶದ್ದು ಓದಿ. ಫ್ರೆಂಚರ ಬಾವುಟದ ನಡುವಿನ ಬಿಳಿ ಕಿತ್ತು, ನೀಲಿ-ಕೆಂಪನ್ನು 1803ರಲ್ಲಿ ಸೇರಿಸಿ ಹೊಲಿದೆವು ಅಂತ ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಇಂಡೋನೇಷ್ಯಾದವರು ಹಾಗೆ ಹೇಳಿಕೊಳ್ಳುವುದಿಲ್ಲ.

ಅವರು ಬಾವುಟವನ್ನು ಏನೆಂದು ಕರೆಯುತ್ತಾರೆ ಅಂತಲೂ ತಿಳಿದಿರಲಿ. ಸಾಂಗ್ ಮೆರಾಹ್ ಪುತಿಹ್, ಅಂದರೆ ಕೆಂಪು-ಬಿಳಿ. ಸಂವಿಧಾನದ 35ನೇ ವಿಧಿಯಲ್ಲಿರುವುದೂ ಅದೇ ಹೆಸರು. ಇನ್ನೊಂದು ಹೆಸರು ದ್ವಿವರ್ಣ. ನಮ್ಮದು ತ್ರಿವರ್ಣ, ಅವರದು ದ್ವಿವರ್ಣ. ಇದಕ್ಕೆ ಅನುವಾದ ಬೇಕಾ?

ಇಷ್ಟು ಹೇಳಿದ ಮೇಲೆ, ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಬೇಕು ಅನ್ನಿಸುತ್ತಿದೆ. ಎಲ್ಲರೂ ಹರಿದ ಬಾವುಟದ ಬಗ್ಗೆ ಕೇಳುತ್ತಾರೆ. ಆಗಸ್ಟ್ 17ರಂದು ಏರಿದ ಆ ಮೊದಲನೇ ಬಾವುಟ ಏನಾಯಿತು?

ಅದನ್ನು ಹೊಲಿದವರು ಸುಕರ್ಣೊ ಅವರ ಹೆಂಡತಿ ಫತ್ಮಾವತಿ. ತುಂಬು ಬಸುರಿಯಾಗಿದ್ದಾಗ, ಕೈಯಲ್ಲಿ ತಿರುಗಿಸುವ ಹೊಲಿಗೆ ಮಷಿನ್‌ನಲ್ಲಿ ಹತ್ತಿ ಬಟ್ಟೆಯಿಂದ ಹೊಲಿದರು. ಇಂಡೋನೇಷ್ಯಾದವರು ಆ ಬಾವುಟಕ್ಕೆ 'ಪುಸಾಕಾ' ಅಂತಾರೆ, ಮನೆತನದಲ್ಲಿ ತಲೆಮಾರಿನಿಂದ ಬರುವ ವಸ್ತು ಅಂತ ಅರ್ಥ. 1948ರ ಡಿಸೆಂಬರ್ 19ರಂದು ಡಚ್ಚರು ಯೋಗ್ಯಕರ್ತದ ಮೇಲೆ ಬಿದ್ದರು. ಆಗ ರಾಜಧಾನಿ ಅಲ್ಲೇ ಇತ್ತು, ಬಾವುಟವೂ ಅಲ್ಲೇ. ಸುಕರ್ಣೊ ತಮ್ಮ ಸಹಾಯಕ ಹುಸೇನ್ ಮುತಾಹರ್ ಅವರನ್ನು ಕರೆದು ಬಾವುಟವನ್ನು ಕೈಗಿಟ್ಟರು. ಪ್ರಾಣ ಇರುವ ತನಕ ಕಾಪಾಡು ಅಂದರು.

ಮುತಾಹರ್ ಹೊಲಿಗೆ ಬಿಚ್ಚಿದರು. ಕೆಂಪು ಬಟ್ಟೆ ಬೇರೆ, ಬಿಳಿ ಬಟ್ಟೆ ಬೇರೆ. ಎರಡು ಚೀಲಗಳ ತಳದಲ್ಲಿ ಒಂದೊಂದನ್ನು ಇಟ್ಟು ಮೇಲೆ ತಮ್ಮ ಬಟ್ಟೆ ತುಂಬಿದರು. ಸಿಕ್ಕಿಬಿದ್ದರೂ ಡಚ್ಚರ ಕೈಗೆ ಸಿಗುವುದು ಎರಡು ತುಂಡು ಬಟ್ಟೆ, ಬಾವುಟ ಅಲ್ಲ ಅನ್ನುವುದು ಅವರ ಲೆಕ್ಕ. ನಿಜವಾಗಿಯೂ ಸಿಕ್ಕಿಬಿದ್ದರು, ಸೆಮರಾಂಗ್‌ಗೆ ಕರೆದೊಯ್ದರು. ಅಲ್ಲಿಂದ ತಪ್ಪಿಸಿಕೊಂಡು ಹಡಗು ಹತ್ತಿ ಜಕಾರ್ತ ಸೇರಿದರು. ಅಷ್ಟೂ ದಿನ ಬಟ್ಟೆಗಳು ಚೀಲದಲ್ಲೇ ಇದ್ದವು.

1949ರ ಜೂನ್‌ನಲ್ಲಿ, ಬಾಂಗ್ಕಾ ದ್ವೀಪದಲ್ಲಿ ಬಂಧನದಲ್ಲಿದ್ದ ಸುಕರ್ಣೊ ಅವರಿಂದ ಬಾವುಟ ಕಳಿಸು ಅಂತ ಸುದ್ದಿ ಬಂತು. ಮುತಾಹರ್ ಒಬ್ಬ ಡಾಕ್ಟರ ಹೆಂಡತಿಯ ಹೊಲಿಗೆ ಮಷಿನ್ ಕೇಳಿ ಪಡೆದು, ಹಳೇ ಸೂಜಿ ತೂತುಗಳನ್ನೇ ಹುಡುಕಿ ಹುಡುಕಿ ಅದರ ಮೇಲೇ ಹೊಲಿದರು. ತುದಿಯಲ್ಲಿ ಮಾತ್ರ ಸುಮಾರು ಎರಡು ಸೆಂಟಿಮೀಟರ್ ಹೊಲಿಗೆ ತಪ್ಪಿತು. ಹಳೇ ನ್ಯೂಸ್‌ಪೇಪರ್‌ನಲ್ಲಿ ಸುತ್ತಿ ನಂಬಿಕಸ್ತರ ಕೈಲಿ ಕಳಿಸಿಕೊಟ್ಟರು. ಆ ವರ್ಷದ ಆಗಸ್ಟ್ 17ಕ್ಕೆ ಯೋಗ್ಯಕರ್ತದ ಅರಮನೆ ಮುಂದೆ ಅದು ಮತ್ತೆ ಹಾರಿತು.

1968ರವರೆಗೆ ಪ್ರತಿ ವರ್ಷ ಅದನ್ನೇ ಏರಿಸುತ್ತಿದ್ದರು. ಬಟ್ಟೆ ಜೀರ್ಣವಾಗುತ್ತಾ ಬಂತು, 1969ರಿಂದ ರೇಷ್ಮೆಯ ಪ್ರತಿ ಏರುತ್ತಿದೆ. ಫತ್ಮಾವತಿಯ ಹೊಲಿಗೆಯ ತೂತುಗಳ ಮೇಲೆ ಮುತಾಹರ್ ಹಾಕಿದ ಹೊಲಿಗೆ, ಆ ತಪ್ಪಿದ ಎರಡು ಸೆಂಟಿಮೀಟರ್ ಸಮೇತ, ಇರುವುದು ಹಳೇ ಬಾವುಟದಲ್ಲಿ ಮಾತ್ರ.